ತಾರೆಗಳಿಲ್ಲದ ತಂಡ, ಯಾಲೋನೆನ್ ಎಂಬ ಕೋಚ್

2019ರ ಮೇ 25. ಸ್ಲೊವಾಕಿಯಾದ ಬ್ರಾಟಿಸ್ಲಾವಾ ನಗರದಲ್ಲಿ ವಿಶ್ವ ಐಸ್ ಹಾಕಿ ಚಾಂಪಿಯನ್‌ಷಿಪ್‌ನ ಸೆಮಿಫೈನಲ್. ಒಂದು ಕಡೆ ರಷ್ಯಾ. ಅಲೆಕ್ಸಾಂಡರ್ ಒವೆಚ್ಕಿನ್, ಯೆವ್ಗೆನಿ ಮಾಲ್ಕಿನ್, ಇಲ್ಯಾ ಕೊವಲ್ಚುಕ್, ಉತ್ತರ ಅಮೆರಿಕದ ಎನ್‌ಎಚ್‌ಎಲ್ ಲೀಗ್‌ನಲ್ಲಿ ಆ ಋತುವಿನಲ್ಲಿ ಎಲ್ಲರಿಗಿಂತ ಹೆಚ್ಚು ಪಾಯಿಂಟ್ ಗಳಿಸಿದ್ದ ನಿಕಿತಾ ಕುಚೆರೊವ್, ಗೋಲಿನ ಮುಂದೆ ಆಂದ್ರೇ ವಸಿಲೆವ್‌ಸ್ಕಿ. ಇನ್ನೊಂದು ಕಡೆ ಫಿನ್ಲೆಂಡ್. ಆ ತಂಡದ ಆಟಗಾರರಲ್ಲಿ ಎಷ್ಟೋ ಜನರ ಹೆಸರು ಸ್ವಂತ ದೇಶದಲ್ಲೇ ಮನೆಮಾತಾಗಿರಲಿಲ್ಲ. ಪಂದ್ಯದಲ್ಲಿ ಬಿದ್ದದ್ದು ಒಂದೇ ಗೋಲು. ಅದನ್ನು ಹೊಡೆದವರು ಫಿನ್ಲೆಂಡಿನ ನಾಯಕ ಮಾರ್ಕೊ ಆಂಟಿಲಾ. ಹದಿನೈದು ವರ್ಷಗಳ ಹಿಂದೆ ಎನ್‌ಎಚ್‌ಎಲ್‌ನ ಷಿಕಾಗೊ ಕ್ಲಬ್ ಅವರನ್ನು 260ನೇ ಆಯ್ಕೆಯಾಗಿ ಗುರುತು ಹಾಕಿಟ್ಟುಕೊಂಡಿತ್ತು. ಒಂದು ಪಂದ್ಯಕ್ಕೂ ಕರೆಯಲಿಲ್ಲ.

ಮರುದಿನ ಫೈನಲ್‌ನಲ್ಲಿ ಇದೇ ಆಂಟಿಲಾ ಕೆನಡಾ ವಿರುದ್ಧ ಎರಡು ಗೋಲು ಹೊಡೆದರು. ಫಿನ್ಲೆಂಡ್ 3–1ರಿಂದ ಗೆದ್ದು ವಿಶ್ವ ಚಾಂಪಿಯನ್ ಆಯಿತು. ಆ ಬೆಂಚಿನ ಹಿಂದೆ ನಿಂತಿದ್ದ ಕೋಚ್ ಯುಕ್ಕಾ ಯಾಲೋನೆನ್.

ಫಿನ್ಲೆಂಡ್ ಪುರುಷರ ತಂಡ ಈತನಕ ಗೆದ್ದಿರುವ ವಿಶ್ವ ಚಾಂಪಿಯನ್‌ಷಿಪ್ ಚಿನ್ನಗಳು ನಾಲ್ಕು: 1995, 2011, 2019, 2022. ಇವುಗಳಲ್ಲಿ ಮೂರು ಬಂದದ್ದು ಯಾಲೋನೆನ್ ಕೈಕೆಳಗೆ. 2022ರ ಬೀಜಿಂಗ್ ಒಲಿಂಪಿಕ್ಸ್‌ನಲ್ಲಿ ಆ ದೇಶ ಗೆದ್ದ ಮೊದಲ ಐಸ್ ಹಾಕಿ ಚಿನ್ನವೂ ಅವರದೇ. 2016ರಲ್ಲಿ 20 ವರ್ಷದೊಳಗಿನವರ ವಿಶ್ವ ಕಿರೀಟವೂ ಅವರ ಹೆಸರಿನಲ್ಲಿದೆ. ದೊಡ್ಡ ಆಟಗಾರರು ಮುಂದೆ ದೊಡ್ಡ ಕೋಚ್ ಆಗುತ್ತಾರೆ ಎಂಬ ನಂಬಿಕೆ ಎಲ್ಲ ಆಟಗಳಲ್ಲೂ ಗಟ್ಟಿಯಾಗಿದೆ. ಯಾಲೋನೆನ್ ಆ ಸಾಲಿಗೆ ಸೇರಿದವರಲ್ಲ. ಆಟಗಾರನಾಗಿ ಅವರು ಹೆಸರು ಮಾಡಿದವರಲ್ಲ, ಅವರ ಆಟದ ದಿನಗಳನ್ನು ನೆನೆಸಿಕೊಂಡು ಮಾತನಾಡುವವರು ಇಂದು ಸಿಗುವುದು ಕಷ್ಟ. ಅಂಥವರು ಒಂದು ದೇಶದ ಆಟದ ಇತಿಹಾಸವನ್ನೇ ತಿರುಗಿಸಿದ್ದು ಹೇಗೆ ಎಂಬುದು ಐಸ್ ಹಾಕಿ ನೋಡದವರಿಗೂ ತಿಳಿಯಬೇಕಾದ ವಿಷಯ ಎಂದು ನಾನು ನಂಬಿದ್ದೇನೆ.

ಮೊದಲು ಆಟದ ಬಗ್ಗೆ ನಾಲ್ಕು ಮಾತು. ನಾವು ಹಾಕಿ ಎಂದು ಕರೆಯುವ ಆಟಕ್ಕೂ ಇದಕ್ಕೂ ಕೋಲು ಮತ್ತು ಗೋಲು ಬಿಟ್ಟರೆ ಹೆಚ್ಚಿನ ನಂಟಿಲ್ಲ. ಇಲ್ಲಿ ಚೆಂಡಿನ ಬದಲು ಗಟ್ಟಿ ರಬ್ಬರಿನ ಚಪ್ಪಟೆ ಬಿಲ್ಲೆ. ಅದಕ್ಕೆ ಪಕ್ ಎನ್ನುತ್ತಾರೆ. ಒಂದು ಕಡೆಯಿಂದ ಗೋಲ್‌ಕೀಪರ್ ಸೇರಿ ಆರು ಜನ ಅಂಗಳದಲ್ಲಿರುತ್ತಾರೆ. 20 ನಿಮಿಷಗಳ ಮೂರು ಅವಧಿ. ಆದರೆ ಸ್ಕೇಟ್ ಮೇಲೆ ಪೂರ್ತಿ ವೇಗದಲ್ಲಿ ಓಡುವ ಆಟಗಾರ ಮುಕ್ಕಾಲು ನಿಮಿಷದೊಳಗೆ ಸುಸ್ತಾಗುತ್ತಾನೆ. ಆದ್ದರಿಂದ ಆಟ ನಡೆಯುತ್ತಿರುವಾಗಲೇ ಬೆಂಚಿನಿಂದ ಹೊಸಬರು ಜಿಗಿಯುತ್ತಾರೆ, ದಣಿದವರು ಒಳಗೆ ಬರುತ್ತಾರೆ. ಮೂವರು ಫಾರ್ವರ್ಡ್‌ಗಳ ನಾಲ್ಕು ಸಾಲು, ಡಿಫೆಂಡರ್‌ಗಳ ಮೂರು ಜೋಡಿ ಪಂದ್ಯದುದ್ದಕ್ಕೂ ಹೀಗೆ ಸುತ್ತುತ್ತಲೇ ಇರುತ್ತವೆ.

ಫುಟ್‌ಬಾಲ್ ಕೋಚ್ ಒಮ್ಮೆ ತಂಡವನ್ನು ಮೈದಾನಕ್ಕೆ ಕಳಿಸಿದ ಮೇಲೆ ಬದಲಿಸಬಹುದಾದದ್ದು ಕೆಲವೇ ಬಾರಿ. ಐಸ್ ಹಾಕಿ ಕೋಚ್‌ಗೆ ಹಾಗಲ್ಲ. ಎದುರಾಳಿಯ ಯಾವ ಸಾಲು ಬಂದಾಗ ತನ್ನ ಯಾವ ಸಾಲನ್ನು ಇಳಿಸಬೇಕು ಎಂಬ ತೀರ್ಮಾನವನ್ನು ಅವನು ಇಡೀ ಪಂದ್ಯ ಮಾಡುತ್ತಲೇ ಇರಬೇಕು. ಆಟ ನಿಂತಾಗ ಕೊನೆಯದಾಗಿ ಆಟಗಾರರನ್ನು ಬದಲಿಸುವ ಹಕ್ಕು ಆತಿಥೇಯ ಎಂದು ಗುರುತಾದ ತಂಡಕ್ಕೆ ಇರುತ್ತದೆ. ಎದುರಾಳಿ ಯಾರನ್ನು ಇಳಿಸಿದ್ದಾನೆ ಎಂದು ನೋಡಿಕೊಂಡು ಉತ್ತರ ಕೊಡುವ ಈ ಸಣ್ಣ ಅನುಕೂಲಕ್ಕಾಗಿ ಕೋಚ್‌ಗಳು ಪ್ರಾಣ ಬಿಡುತ್ತಾರೆ. ನಾಲ್ಕನೆಯ ಸಾಲಿನ ಆಟಗಾರನೂ ಇಲ್ಲಿ ಅಲಂಕಾರಕ್ಕೆ ಕುಳಿತವನಲ್ಲ. ಅವನ ಪಾಲಿನ ಮುಕ್ಕಾಲು ನಿಮಿಷದಲ್ಲೂ ಪಂದ್ಯ ಕೈತಪ್ಪಬಹುದು.

ಫಿನ್ಲೆಂಡಿನ ಜನಸಂಖ್ಯೆ ಸುಮಾರು 55 ಲಕ್ಷ. ಅಲ್ಲಿ ಚಳಿಗಾಲದ ಮೊದಲ ಆಟವೇ ಐಸ್ ಹಾಕಿ. ಆದರೂ ಬಹುಕಾಲ ಆ ದೇಶ ಸೋವಿಯತ್ ಒಕ್ಕೂಟ, ಕೆನಡಾ, ಜೆಕೊಸ್ಲೊವಾಕಿಯಾ, ಸ್ವೀಡನ್‌ಗಳ ನೆರಳಿನಲ್ಲಿ ಉಳಿದಿತ್ತು. ಮೊದಲ ಒಳಾಂಗಣ ರಿಂಕ್ ಕಟ್ಟಿಸಿಕೊಂಡದ್ದೇ 1965ರಲ್ಲಿ, ಟಾಂಪೆರೆ ನಗರದ ಹಾಕಮೆತ್ಸಾದಲ್ಲಿ, ಅದೂ ವಿಶ್ವ ಚಾಂಪಿಯನ್‌ಷಿಪ್ ನಡೆಸಿಕೊಡುವ ಹೊಣೆ ಬಂದಾಗ. ಮೊದಲ ಒಲಿಂಪಿಕ್ ಪದಕ ಬಂದದ್ದು 1988ರಲ್ಲಿ, ಕ್ಯಾಲ್ಗರಿಯಲ್ಲಿ. ಅಲ್ಲಿ ಸೋವಿಯತ್ ತಂಡವನ್ನು 2–1ರಿಂದ ಸೋಲಿಸಿ ಬೆಳ್ಳಿ ಪಡೆದರು. ವಿಶ್ವ ಚಾಂಪಿಯನ್‌ಷಿಪ್ ಗೆಲ್ಲಲು 1995ರವರೆಗೆ ಕಾಯಬೇಕಾಯಿತು. ಅದು ಸ್ಟಾಕ್‌ಹೋಮ್‌ನಲ್ಲಿ, ಸ್ವೀಡನ್ನರ ಮನೆಯಂಗಳದಲ್ಲೇ, ಅವರನ್ನೇ 4–1ರಿಂದ ಸೋಲಿಸಿ ಬಂದ ಗೆಲುವು. ಫಿನ್ಲೆಂಡ್ ತಂಡದ ಅಂದಿನ ಕೋಚ್ ಕರ್ಟ್ ಲಿಂಡ್‌ಸ್ಟ್ರಾಮ್ ಕೂಡ ಸ್ವೀಡನ್ನಿನವರೇ.

ಆ ಮೇಲೆ ಬಂದದ್ದು ಬೆಳ್ಳಿಯ ಕಾಲ. 1998, 1999, 2001ರ ವಿಶ್ವ ಚಾಂಪಿಯನ್‌ಷಿಪ್‌ಗಳಲ್ಲಿ ಫೈನಲ್ ತಲುಪಿ ಸೋತರು. 2006ರ ಟ್ಯೂರಿನ್ ಒಲಿಂಪಿಕ್ಸ್ ಫೈನಲ್‌ನಲ್ಲಿ ಸ್ವೀಡನ್‌ಗೆ 3–2ರಿಂದ ಶರಣಾದರು. ಇವೆಲ್ಲಕ್ಕಿಂತ ಆಳವಾದ ಗಾಯ 2003ರದು. ಹೆಲ್ಸಿಂಕಿಯಲ್ಲಿ, ತಮ್ಮದೇ ಜನರ ಮುಂದೆ, ಕ್ವಾರ್ಟರ್ ಫೈನಲ್‌ನಲ್ಲಿ ಸ್ವೀಡನ್ ವಿರುದ್ಧ 5–1ರಿಂದ ಮುಂದಿದ್ದವರು 5–6ರಿಂದ ಸೋತರು. ದೊಡ್ಡ ಪಂದ್ಯದಲ್ಲಿ ಕೊನೆಗೆ ತಮ್ಮ ಕಾಲು ನಡುಗುತ್ತದೆ ಎಂಬ ಭಯವನ್ನು ಇಂಥ ಸೋಲುಗಳು ಒಂದು ಪೀಳಿಗೆಯ ಮನಸ್ಸಿನಲ್ಲಿ ಊರಿದ್ದವು.

ಯಾಲೋನೆನ್ ಹುಟ್ಟಿದ್ದು 1962ರ ನವೆಂಬರ್‌ನಲ್ಲಿ, ದಕ್ಷಿಣ ಫಿನ್ಲೆಂಡಿನ ರೀಹಿಮ್ಯಾಕಿ ಎಂಬ ಪಟ್ಟಣದಲ್ಲಿ. 1870ರಲ್ಲಿ ಸೇಂಟ್ ಪೀಟರ್ಸ್‌ಬರ್ಗ್‌ಗೆ ರೈಲು ಮಾರ್ಗ ತೆರೆದದ್ದು ಇಲ್ಲಿಂದ. ಮುಂದೆ ಅದೇ ಸೇಂಟ್ ಪೀಟರ್ಸ್‌ಬರ್ಗ್‌ನ ಶ್ರೀಮಂತ ಕ್ಲಬ್ಬು ಈ ಊರಿನ ಮಗನನ್ನು ಕೋಚ್ ಆಗಿ ಕರೆಸಿಕೊಂಡಿತು. ಅದಕ್ಕೆ ಆಮೇಲೆ ಬರೋಣ.

ಅವರು ಹೆಸರು ಕಂಡದ್ದು ನೆರೆಯ ಹ್ಯಾಮೆನ್‌ಲಿನ್ನಾದಲ್ಲಿ. ಸಂಗೀತಗಾರ ಸಿಬೇಲಿಯಸ್ ಹುಟ್ಟಿದ ಊರು ಅದು. ಅಲ್ಲಿನ ಎಚ್‌ಪಿಕೆ ಕ್ಲಬ್ಬು ಫಿನ್ಲೆಂಡಿನ ಅತ್ಯುನ್ನತ ಲೀಗ್‌ನಲ್ಲಿ ಆಡುತ್ತಿದ್ದರೂ ಒಮ್ಮೆಯೂ ಚಾಂಪಿಯನ್ ಆಗಿರಲಿಲ್ಲ. ಹೆಲ್ಸಿಂಕಿ, ಟಾಂಪೆರೆ, ತುರ್ಕು, ಔಲುಗಳ ಕ್ಲಬ್ಬುಗಳಿಗಿದ್ದ ಹಣವಾಗಲಿ ಪ್ರೇಕ್ಷಕರಾಗಲಿ ಅದಕ್ಕಿರಲಿಲ್ಲ. ಬೆಲೆ ಬಾಳುವ ಆಟಗಾರನನ್ನು ಕೊಳ್ಳಲಾಗದ ಕ್ಲಬ್ಬಿಗೆ ಉಳಿಯುವ ದಾರಿ ಒಂದೇ: ಇರುವವರನ್ನು ಒಟ್ಟಾಗಿ ಆಡಿಸುವುದು. 2006ರಲ್ಲಿ ಎಚ್‌ಪಿಕೆ ಮೊದಲ ಬಾರಿಗೆ ಫಿನ್ಲೆಂಡ್ ಚಾಂಪಿಯನ್ ಆಯಿತು. ಯಾಲೋನೆನ್ ಮುಂದೆ ರಾಷ್ಟ್ರೀಯ ತಂಡದಲ್ಲಿ ಮಾಡಿದ್ದೆಲ್ಲದರ ಬೀಜ ಈ ಊರಿನಲ್ಲಿದೆ ಎಂಬುದು ನನ್ನ ತಿಳಿವಳಿಕೆ. ಚಿಕ್ಕ ಕ್ಲಬ್ಬಿನ ಕೋಚ್ ಕಲಿಯುವ ಪಾಠವನ್ನೇ ಚಿಕ್ಕ ದೇಶದ ಕೋಚ್ ಕೂಡ ಕಲಿಯಬೇಕು.

2007ರಲ್ಲಿ ಅವರು ರಾಷ್ಟ್ರೀಯ ತಂಡಕ್ಕೆ ಸಹಾಯಕ ಕೋಚ್ ಆಗಿ ಬಂದರು. ಮುಖ್ಯ ಕೋಚ್ ಕೆನಡಾದ ಡಗ್ ಷೆಡ್ಡನ್. 2008ರಲ್ಲಿ ಆ ಸ್ಥಾನ ಯಾಲೋನೆನ್ ಅವರದಾಯಿತು.

ಅವರು ತಂದ ಆಟದ ರೀತಿಯನ್ನು ಸ್ವಲ್ಪ ಬಿಡಿಸಿ ಹೇಳಬೇಕು. ಉತ್ತರ ಅಮೆರಿಕದ ರಿಂಕ್ ಅಗಲದಲ್ಲಿ ಸುಮಾರು 26 ಮೀಟರ್. ಯುರೋಪಿನದು ಅಂದು 30 ಮೀಟರ್‌ವರೆಗೂ ಇರುತ್ತಿತ್ತು. ಇಕ್ಕಟ್ಟಾದ ಅಂಗಳದಲ್ಲಿ ಪಕ್ಕನ್ನು ಎದುರಾಳಿಯ ಮೂಲೆಗೆ ಹೊಡೆದು, ಅದರ ಹಿಂದೆ ನುಗ್ಗಿ, ಮೈಬಲದಿಂದ ಕಿತ್ತುಕೊಳ್ಳುವುದು ಸಲೀಸು. ಅಗಲ ಅಂಗಳದಲ್ಲಿ ಹಾಗೆ ಮಾಡಿದರೆ ಕಷ್ಟಪಟ್ಟು ಪಡೆದ ಪಕ್ಕನ್ನು ಎದುರಾಳಿಗೆ ಸುಮ್ಮನೆ ಕೊಟ್ಟಂತೆ. ಯಾಲೋನೆನ್ ತಮ್ಮ ಆಟಗಾರರಿಗೆ ಹೇಳಿದ್ದು ಹೀಗೆ: ಮುಂದೆ ದಾರಿ ಕಾಣದಿದ್ದರೆ ಹಿಂದಕ್ಕೆ ತಿರುಗಿ, ಪಕ್ಕನ್ನು ಡಿಫೆಂಡರ್‌ಗೆ ಕೊಡಿ, ಐವರೂ ಮತ್ತೆ ಸಾಲುಗೂಡಿ, ಒಟ್ಟಿಗೆ ಹೊರಡಿ. ಐದು ಜನ ಒಬ್ಬರಿಗೊಬ್ಬರು ಹತ್ತಿರವಿದ್ದರೆ ಪಾಸ್ ಚಿಕ್ಕದಾಗುತ್ತದೆ. ಪಕ್ ತಪ್ಪಿಹೋದರೂ ಅದನ್ನು ಮರಳಿ ಪಡೆಯಲು ನಾಲ್ಕು ಜನ ಅಲ್ಲೇ ಇರುತ್ತಾರೆ. ದಾಳಿಯಲ್ಲಿ ಹತ್ತಿರವಿದ್ದವರೇ ರಕ್ಷಣೆಯಲ್ಲೂ ಹತ್ತಿರ.

ಇದು ಎಲ್ಲರಿಗೂ ಹಿಡಿಸಲಿಲ್ಲ. ಹಿಂದೆ ತಿರುಗುವ ಆಟ ನೋಡಲು ಬೇಸರ, ಫಿನ್ನರ ಹುಟ್ಟುಗುಣವಾದ ಹೋರಾಟವನ್ನು ಇದು ಕೊಲ್ಲುತ್ತದೆ ಎಂದು ಹಳಬರು ವಾದಿಸಿದರು. ರೇಡಿಯೊದಲ್ಲಿ, ಪತ್ರಿಕೆಗಳಲ್ಲಿ ವರ್ಷಗಟ್ಟಲೆ ಈ ಜಗಳ ನಡೆಯಿತು. ಆಟದ ಬಗೆಯನ್ನು ಕುರಿತು ಒಂದು ದೇಶ ಇಷ್ಟು ಗಂಭೀರವಾಗಿ ಜಗಳವಾಡುತ್ತದೆ ಎಂಬುದೇ ನನಗೆ ಮೆಚ್ಚುಗೆಯ ಸಂಗತಿ. ಕ್ರಿಕೆಟ್‌ನಲ್ಲಿ ನಮ್ಮ ಚರ್ಚೆ ಯಾರು ತಂಡದಲ್ಲಿರಬೇಕು, ಯಾರು ಇರಬಾರದು ಎನ್ನುವಲ್ಲಿಗೆ ನಿಂತುಬಿಡುತ್ತದೆ. ತಂಡ ಹೇಗೆ ಆಡಬೇಕು ಎಂಬುದರವರೆಗೆ ಹೋಗುವುದು ಅಪರೂಪ.

2010ರ ವ್ಯಾಂಕೂವರ್ ಒಲಿಂಪಿಕ್ಸ್ ಯಾಲೋನೆನ್ ಅವರಿಗೆ ಮೊದಲ ದೊಡ್ಡ ಪರೀಕ್ಷೆ. ಸೆಮಿಫೈನಲ್‌ನಲ್ಲಿ ಅಮೆರಿಕ ತಂಡ ಮೊದಲ 13 ನಿಮಿಷದೊಳಗೇ ಆರು ಗೋಲು ಹೊಡೆಯಿತು. ಪಂದ್ಯ ಮುಗಿದದ್ದು 1–6ಕ್ಕೆ. ಇಷ್ಟು ಹೀನಾಯವಾಗಿ ಸೋತ ತಂಡ ಮರುದಿನವೇ ಕಂಚಿಗಾಗಿ ಸ್ಲೊವಾಕಿಯಾ ವಿರುದ್ಧ ಇಳಿಯಿತು. ಎರಡು ಅವಧಿ ಮುಗಿದಾಗ 1–3ರ ಹಿನ್ನಡೆ. ಮೂರನೆಯ ಅವಧಿಯಲ್ಲಿ ನಾಲ್ಕು ಗೋಲು ಹೊಡೆದು 5–3ರಿಂದ ಗೆದ್ದರು. ಎನ್‌ಎಚ್‌ಎಲ್‌ನ ಎಲ್ಲ ತಾರೆಗಳೂ ಆಡಿದ ಕೂಟದಲ್ಲಿ ಬಂದ ಕಂಚು ಇದು. ಯಾಲೋನೆನ್ ಸಾಧನೆಯನ್ನು ಅಳೆಯುವವರು ಇದನ್ನು ಮರೆಯಬಾರದು.

ಮರುವರ್ಷ ಬ್ರಾಟಿಸ್ಲಾವಾ. 2011ರ ಸೆಮಿಫೈನಲ್‌ನಲ್ಲಿ ರಷ್ಯಾ ವಿರುದ್ಧ 19 ವರ್ಷದ ಮಿಕಾಯೆಲ್ ಗ್ರಾನ್‌ಲುಂಡ್ ಗೋಲಿನ ಹಿಂಬದಿಯಲ್ಲಿ ನಿಂತು, ಪಕ್ಕನ್ನು ಕೋಲಿನ ಅಲಗಿನ ಮೇಲೆ ಎತ್ತಿಕೊಂಡು, ಗಾಳಿಯಲ್ಲೇ ತಿರುಗಿಸಿ ಬಲೆಯ ಮೇಲಿನ ಮೂಲೆಗೆ ಹಾಕಿದರು. ಫಿನ್ಲೆಂಡಿನ ಅಂಚೆ ಇಲಾಖೆ ಆ ಗೋಲಿನ ಅಂಚೆಚೀಟಿ ಹೊರಡಿಸಿತು. ಪಂದ್ಯ 3–0. ಫೈನಲ್‌ನಲ್ಲಿ ಎದುರಾದದ್ದು ಅದೇ ಸ್ವೀಡನ್. ಎರಡನೆಯ ಅವಧಿ ಮುಗಿಯಲು ಕೆಲವೇ ಸೆಕೆಂಡು ಇದ್ದಾಗ ಯಾರ್ಕೊ ಇಮ್ಮೊನೆನ್ 1–1 ಮಾಡಿದರು. ಮೂರನೆಯ ಅವಧಿಯಲ್ಲಿ ಫಿನ್ನರು ಐದು ಗೋಲು ಸುರಿದರು. 6–1. ಹದಿನಾರು ವರ್ಷದ ಕಾಯುವಿಕೆ ಮುಗಿಯಿತು. ಹಿಂದೆ ತಿರುಗುವ ಆಟ ಬೇಸರ ಎಂದವರಿಗೆ ಆ ಇಪ್ಪತ್ತು ನಿಮಿಷಗಳೇ ಉತ್ತರ ಎಂದು ಯಾಲೋನೆನ್ ಪರವಾಗಿದ್ದವರು ಹೇಳಬಹುದಿತ್ತು.

ಆದರೆ ಗೆಲುವಿನ ಮೇಲೆ ಗೆಲುವು ಬರಲಿಲ್ಲ. 2012, 2013ರಲ್ಲಿ ಹೆಲ್ಸಿಂಕಿಯೂ ಸ್ಟಾಕ್‌ಹೋಮೂ ಸೇರಿ ನಡೆಸಿಕೊಟ್ಟ ವಿಶ್ವ ಚಾಂಪಿಯನ್‌ಷಿಪ್‌ಗಳಲ್ಲಿ ಎರಡು ಸಲವೂ ನಾಲ್ಕನೆಯ ಸ್ಥಾನ. ಈ ನಡುವೆ ಅವರು ಸೇಂಟ್ ಪೀಟರ್ಸ್‌ಬರ್ಗ್‌ನ ಎಸ್‌ಕೆಎ ಕ್ಲಬ್ಬಿನ ಹೊಣೆಯನ್ನೂ ಹೊತ್ತಿದ್ದರು. ರಷ್ಯಾ ಕೇಂದ್ರಿತ ಕೆಎಚ್‌ಎಲ್ ಲೀಗ್‌ನ ಅತ್ಯಂತ ಶ್ರೀಮಂತ ಕ್ಲಬ್ಬುಗಳಲ್ಲಿ ಅದೊಂದು. ಬೇಕಾದ ತಾರೆಯನ್ನು ಕೊಳ್ಳುವ ಹಣವಿದ್ದ ಆ ಕ್ಲಬ್ಬಿನಲ್ಲಿ ಯಾಲೋನೆನ್‌ಗೆ ಲೀಗ್ ಚಾಂಪಿಯನ್ನರ ಗಗಾರಿನ್ ಕಪ್ ಒಲಿಯಲಿಲ್ಲ. 2014ರಲ್ಲಿ ಹೊರಬಂದರು. ಮರುವರ್ಷವೇ ಬೇರೊಬ್ಬ ಕೋಚ್ ಕೈಕೆಳಗೆ ಎಸ್‌ಕೆಎ ಆ ಕಪ್ ಗೆದ್ದಿತು. ಕೋಚ್ ಎಂಬವನು ಎಲ್ಲಿಗೆ ಹೋದರೂ ಅದೇ ಫಲ ಕೊಡುತ್ತಾನೆ ಎಂದು ನಂಬಿದವರು ಈ ಎರಡು ವರ್ಷಗಳನ್ನು ನೋಡಬೇಕು.

ಆ ಮೇಲೆ ಅವರು ಇಳಿದದ್ದು ಹುಡುಗರ ಕೋಚ್ ಆಗಿ. ದೇಶಕ್ಕೆ ವಿಶ್ವ ಕಿರೀಟ ತಂದ ಕೋಚ್ 20 ವರ್ಷದೊಳಗಿನವರ ತಂಡಕ್ಕೆ ಬರುವುದು ಹಿಂಬಡ್ತಿಯಂತೆ ಕಾಣಬಹುದು. ಫಿನ್ಲೆಂಡಿನಲ್ಲಿ ಅದನ್ನು ಹಾಗೆ ನೋಡುವುದಿಲ್ಲ, ಆ ದೇಶದ ಐಸ್ ಹಾಕಿ ಬೆಳೆದದ್ದಕ್ಕೆ ಇದೂ ಒಂದು ಕಾರಣ. 2016ರ ಜನವರಿಯಲ್ಲಿ ಹೆಲ್ಸಿಂಕಿಯಲ್ಲಿ ನಡೆದ ಫೈನಲ್‌ನಲ್ಲಿ ರಷ್ಯಾದ ಹುಡುಗರು ಪಂದ್ಯ ಮುಗಿಯಲು ಆರು ಸೆಕೆಂಡು ಇದ್ದಾಗ ಗೋಲು ಹೊಡೆದು 3–3 ಮಾಡಿದರು. ಕೈಗೆ ಬಂದದ್ದು ಬಾಯಿಗೆ ಬಾರದ ಗಳಿಗೆ. 2003ರ ಫಿನ್ಲೆಂಡ್ ಅಲ್ಲಿ ಕುಸಿದುಬಿಡುತ್ತಿತ್ತೇನೋ. ಈ ಹುಡುಗರು ಹೆಚ್ಚುವರಿ ಅವಧಿಗೆ ಬಂದು, ಕಾಸ್ಪೆರಿ ಕಪಾನೆನ್ ಅವರ ಗೋಲಿನಿಂದ 4–3ಕ್ಕೆ ಗೆದ್ದರು. ಸೆಬಾಸ್ಟಿಯನ್ ಅಹೊ, ಪ್ಯಾಟ್ರಿಕ್ ಲೈನೆ, ಯೆಸ್ಸೆ ಪುಲ್ಯುಯಾರ್ವಿ ಎಂಬ ಮೂವರ ಸಾಲನ್ನು ಜಗತ್ತು ಗುರುತಿಸಿದ್ದು ಈ ಕೂಟದಲ್ಲಿ.

ಇದಾದ ಮೇಲೆ ಎರಡು ಋತು ಅವರು ಹೆಲ್ಸಿಂಕಿಯ ಯೋಕೆರಿತ್ ಕ್ಲಬ್ಬಿನಲ್ಲಿದ್ದರು. ಆ ಕ್ಲಬ್ಬು ಆಗ ಕೆಎಚ್‌ಎಲ್‌ನಲ್ಲಿ ಆಡುತ್ತಿತ್ತು. 2018ರಲ್ಲಿ ರಾಷ್ಟ್ರೀಯ ತಂಡ ಮತ್ತೆ ಕರೆಯಿತು. ಆ ವೇಳೆಗೆ ತಂಡದ ಮನೋಬಲ ಕುಗ್ಗಿತ್ತು. 2016ರ ವಿಶ್ವಕಪ್ ಎಂಬ ಬೇರೆಯೇ ಕೂಟದಲ್ಲಿ ಎನ್‌ಎಚ್‌ಎಲ್ ತಾರೆಗಳಿದ್ದ ಫಿನ್ಲೆಂಡ್ ತಂಡ ಆಡಿದ ಮೂರು ಪಂದ್ಯಗಳನ್ನೂ ಸೋತಿತ್ತು. ಮೂರರಲ್ಲೂ ಸೇರಿ ಹೊಡೆದದ್ದು ಒಂದೇ ಗೋಲು.

ಹೆಸರಿನಿಂದ ಆಗುವ ಒಂದು ಗೊಂದಲವನ್ನು ಇಲ್ಲೇ ತಿಳಿಗೊಳಿಸಿಬಿಡುತ್ತೇನೆ. 2014ರಿಂದ 2016ರವರೆಗೆ ಫಿನ್ಲೆಂಡಿನ ಕೋಚ್ ಆಗಿದ್ದವರ ಹೆಸರೂ ಯಾಲೋನೆನ್: ಔಲು ನಗರದ ಕಾರಿ ಯಾಲೋನೆನ್. ಇಬ್ಬರೂ ಸಂಬಂಧಿಕರಲ್ಲ. ಕಾರಿ ಎನ್‌ಎಚ್‌ಎಲ್‌ನಲ್ಲಿ ಆಡಿ ಬಂದವರು, ಕೋಚ್ ಆಗಿ ಸ್ವಿಟ್ಜರ್ಲೆಂಡಿನ ಬರ್ನ್ ಕ್ಲಬ್ಬಿಗೂ ಚಾಂಪಿಯನ್ ಪಟ್ಟ ತಂದುಕೊಟ್ಟವರು. 2022ರಲ್ಲಿ ಟಾಂಪೆರೆಯ ವಿಶ್ವ ಚಾಂಪಿಯನ್‌ಷಿಪ್‌ನಲ್ಲಿ ಜೆಕ್ ತಂಡಕ್ಕೆ ಕಂಚು ಗೆಲ್ಲಿಸಿದ್ದೂ ಅವರೇ. ಒಂದೇ ಕೂಟದ ಚಿನ್ನ ಮತ್ತು ಕಂಚಿನ ಕೋಚ್‌ಗಳಿಬ್ಬರೂ ಯಾಲೋನೆನ್‌ಗಳು!

2019ಕ್ಕೆ ಮರಳೋಣ, ಏಕೆಂದರೆ ಯಾಲೋನೆನ್ ಯಾರೆಂದು ತಿಳಿಯಲು ಅದಕ್ಕಿಂತ ಒಳ್ಳೆಯ ಕೂಟ ಇನ್ನೊಂದಿಲ್ಲ. ವಿಶ್ವ ಚಾಂಪಿಯನ್‌ಷಿಪ್ ಪ್ರತಿ ಮೇ ತಿಂಗಳಲ್ಲಿ ನಡೆಯುತ್ತದೆ, ಎನ್‌ಎಚ್‌ಎಲ್‌ನ ಪ್ಲೇಆಫ್ ಪಂದ್ಯಗಳೂ ಆಗಲೇ. ಅಲ್ಲಿ ಇನ್ನೂ ಆಡುತ್ತಿರುವವರಿಗೆ ಬರಲಾಗುವುದಿಲ್ಲ, ಬಿಡುವಾಗಿರುವವರಲ್ಲೂ ಕೆಲವರು ದಣಿವು, ಗಾಯ ಎಂದು ಬಾರದೆ ಇರುತ್ತಾರೆ. ಆ ವರ್ಷ ಫಿನ್ಲೆಂಡಿನ ಪ್ರಮುಖ ತಾರೆಗಳಲ್ಲಿ ಹೆಚ್ಚಿನವರು ಬರಲಿಲ್ಲ. ತಂಡ ಪ್ರಕಟವಾದಾಗ ಪತ್ರಿಕೆಗಳು ಅನುಮಾನಪಟ್ಟವು. ಗೋಲ್‌ಕೀಪರ್ ಕೆವಿನ್ ಲಂಕಿನೆನ್ ಆ ಋತುವನ್ನು ಕಳೆದದ್ದು ಅಮೆರಿಕದ ಕೆಳಹಂತದ ಲೀಗ್‌ಗಳಲ್ಲಿ. ಸದ್ದು ಮಾಡಬಲ್ಲ ಹೆಸರೆಂದರೆ 18ರ ಹುಡುಗ ಕಾಪೊ ಕಾಕ್ಕೊ ಒಬ್ಬರೇ.

ಬಾರದವರಿಗಾಗಿ ಯಾಲೋನೆನ್ ಕೊರಗಲಿಲ್ಲ. ಬಂದವರಿಗೆ ಒಬ್ಬೊಬ್ಬರಿಗೂ ಕೆಲಸ ಹಂಚಿದರು. ಎರಡು ಮೀಟರ್ ದಾಟಿದ ಎತ್ತರದ ಆಂಟಿಲಾ ವೇಗದ ಆಟಗಾರರಲ್ಲ, ಕಣ್ಣು ಕೋರೈಸುವ ಕೈಚಳಕವೂ ಇಲ್ಲ. ಆದರೆ ಎದುರಾಳಿಯ ಗೋಲಿನ ಮುಂದೆ ನಿಂತರೆ ಅವರನ್ನು ಸರಿಸುವುದು ಕಷ್ಟ. ಗೋಲ್‌ಕೀಪರ್‌ಗೆ ಪಕ್ ಕಾಣುವುದಿಲ್ಲ, ಚಿಮ್ಮಿ ಬಂದ ಪಕ್ಕು ಸಿಗುವುದು ಇವರ ಕೋಲಿಗೆ. ಅಂಥವರನ್ನು ನಾಯಕನನ್ನಾಗಿ ಮಾಡಿದ್ದೇ ತಂಡಕ್ಕೆ ಕೊಟ್ಟ ಸಂದೇಶ. ಹಿಂದಿನ ಎರಡು ವರ್ಷದ ಚಾಂಪಿಯನ್ ಸ್ವೀಡನ್ ವಿರುದ್ಧದ ಕ್ವಾರ್ಟರ್ ಫೈನಲ್‌ನಲ್ಲಿ 3–4ರಿಂದ ಹಿಂದಿದ್ದಾಗ, ಮುಗಿಯಲು ಎರಡು ನಿಮಿಷವೂ ಇಲ್ಲದಿದ್ದಾಗ ಸಮ ಮಾಡಿದ್ದು ಆಂಟಿಲಾ. ಹೆಚ್ಚುವರಿ ಅವಧಿಯಲ್ಲಿ ಗೆಲ್ಲಿಸಿದ್ದು ಸಕಾರಿ ಮಾನ್ನಿನೆನ್. ಸೆಮಿಫೈನಲ್ ಕಥೆ ಮೊದಲೇ ಹೇಳಿದೆ. ಫೈನಲ್‌ನಲ್ಲಿ ಕೆನಡಾ ನಲವತ್ತಕ್ಕೂ ಹೆಚ್ಚು ಸಲ ಗೋಲಿಗೆ ಗುರಿಯಿಟ್ಟಿತು, ಫಿನ್ಲೆಂಡ್ ಅದರ ಅರ್ಧದಷ್ಟು. ಅಂಕಿ ನೋಡಿದವರು ಲಂಕಿನೆನ್ ಒಬ್ಬರೇ ಪಂದ್ಯ ಉಳಿಸಿದರು ಎನ್ನಬಹುದು. ಲಂಕಿನೆನ್ ಅದ್ಭುತವಾಗಿ ಆಡಿದರು, ಸಂದೇಹವಿಲ್ಲ. ಆದರೆ ಅವರ ಮುಂದಿನ ಐವರು ಗೋಲಿನ ಎದುರಿನ ಜಾಗವನ್ನು ಬಿಟ್ಟುಕೊಡದೆ ಕೆನಡಾವನ್ನು ಅಂಚಿಗೆ ತಳ್ಳುತ್ತಲೇ ಇದ್ದರು. ಅಂಚಿನಿಂದ ಬಂದ ಹೊಡೆತವನ್ನು ಒಳ್ಳೆಯ ಗೋಲ್‌ಕೀಪರ್ ನೋಡಿಕೊಳ್ಳುತ್ತಾನೆ.

ಮೊದಲ ಸರದಿಯ ಯಾಲೋನೆನ್‌ಗೂ ಈ ಯಾಲೋನೆನ್‌ಗೂ ಇರುವ ವ್ಯತ್ಯಾಸ ಇಲ್ಲಿ ಕಾಣುತ್ತದೆ. ಅಂದು ಪಕ್ಕನ್ನು ತಮ್ಮಲ್ಲೇ ಇಟ್ಟುಕೊಳ್ಳುವುದಕ್ಕೆ ಮೊದಲ ಗಮನ. ಈಗ ಪಕ್ಕು ಎದುರಾಳಿಯ ಬಳಿ ಇರುವಾಗಲೂ ಅಂಗಳ ತಮ್ಮ ಹಿಡಿತದಲ್ಲಿರಬೇಕು ಎಂಬ ಲೆಕ್ಕ. ಐವರು ಒಟ್ಟಿಗಿರಬೇಕು ಎಂಬ ಮೂಲ ವಿಚಾರ ಬದಲಾಗಲಿಲ್ಲ, ಅದರ ಬಳಕೆ ಬದಲಾಯಿತು. ಒಮ್ಮೆ ಗೆಲ್ಲಿಸಿಕೊಟ್ಟ ಸೂತ್ರವನ್ನು ಹಿಡಿದೇ ಮುಳುಗಿದ ಕೋಚ್‌ಗಳು ಎಲ್ಲ ಆಟಗಳಲ್ಲೂ ಇದ್ದಾರೆ. ತಮ್ಮದೇ ಸೂತ್ರವನ್ನು ತಿದ್ದಿಕೊಂಡದ್ದು ಯಾಲೋನೆನ್ ಅವರ ದೊಡ್ಡತನ ಎಂದು ನಾನು ಎಣಿಸುತ್ತೇನೆ.

2020ರ ಕೂಟ ಕೋವಿಡ್‌ನಿಂದ ನಡೆಯಲಿಲ್ಲ. 2021ರಲ್ಲಿ ರೀಗಾದಲ್ಲಿ ಫೈನಲ್ ತಲುಪಿ, ಎರಡು ಸಲ ಮುನ್ನಡೆ ಪಡೆದೂ ಕೆನಡಾಕ್ಕೆ ಹೆಚ್ಚುವರಿ ಅವಧಿಯಲ್ಲಿ 2–3ರಿಂದ ಸೋತರು.

ಬಂತು 2022. ಬೀಜಿಂಗ್ ಒಲಿಂಪಿಕ್ಸ್‌ಗೆ ಆಟಗಾರರನ್ನು ಕಳಿಸುವುದಿಲ್ಲ ಎಂದು ಎನ್‌ಎಚ್‌ಎಲ್ ಸುಮಾರು ಒಂದೂವರೆ ತಿಂಗಳು ಮೊದಲು ತೀರ್ಮಾನಿಸಿತು. ಚೀನಾ ತಲುಪಿದ ಮೇಲೆ ಆಂಟಿಲಾ ಅವರಿಗೆ ಕೋವಿಡ್ ಪಾಸಿಟಿವ್ ಬಂದು, ಪ್ರತ್ಯೇಕವಾಸದಲ್ಲಿ ಇಡಲಾಯಿತು. ತಮ್ಮ ವೈದ್ಯರ ಪ್ರಕಾರ ಅವರಿಂದ ಯಾರಿಗೂ ಸೋಂಕು ತಗಲುವುದಿಲ್ಲ, ಆದರೂ ಬಿಡುತ್ತಿಲ್ಲ, ಸರಿಯಾದ ಊಟವೂ ಸಿಗುತ್ತಿಲ್ಲ, ಅವರ ಮಾನವ ಹಕ್ಕನ್ನು ಚೀನಾ ಗೌರವಿಸುತ್ತಿಲ್ಲ ಎಂದು ಯಾಲೋನೆನ್ ಪತ್ರಕರ್ತರ ಮುಂದೆ ನೇರವಾಗಿ ಹೇಳಿದರು. ಆತಿಥೇಯ ದೇಶದಲ್ಲಿ ಕುಳಿತು ಹೀಗೆ ಮಾತನಾಡುವುದು ಸಣ್ಣ ಮಾತಲ್ಲ. ಅನೇಕ ತಂಡಗಳ ಅಧಿಕಾರಿಗಳು ಬಾಯಿ ಬಿಗಿಹಿಡಿದಿದ್ದ ಕೂಟ ಅದು. ಕೊನೆಗೆ ಆಂಟಿಲಾ ಹೊರಬಂದು ಆಡಿದರು. ತಮ್ಮ ಪರವಾಗಿ ಕೋಚ್ ಎಲ್ಲಿವರೆಗೆ ಹೋಗುತ್ತಾನೆ ಎಂಬುದನ್ನು ಆಟಗಾರರು ನೋಡುತ್ತಾರೆ, ಮರೆಯುವುದಿಲ್ಲ.

ಗುಂಪಿನ ಪಂದ್ಯದಲ್ಲಿ ಸ್ವೀಡನ್ ಎದುರು 0–3ರಿಂದ ಹಿಂದಿದ್ದವರು 4–3ಕ್ಕೆ ಗೆದ್ದರು. ಕ್ವಾರ್ಟರ್ ಫೈನಲ್‌ನಲ್ಲಿ ಸ್ವಿಟ್ಜರ್ಲೆಂಡ್ ವಿರುದ್ಧ 5–1, ಸೆಮಿಫೈನಲ್‌ನಲ್ಲಿ ಸ್ಲೊವಾಕಿಯಾ ವಿರುದ್ಧ 2–0. ಫೆಬ್ರುವರಿ 20ರ ಫೈನಲ್‌ನಲ್ಲಿ ಎದುರಿದ್ದುದು ಹಿಂದಿನ ಒಲಿಂಪಿಕ್ ಚಾಂಪಿಯನ್ನರಾದ ರಷ್ಯನ್ನರು. ಮೊದಲ ಗೋಲು ಅವರದೇ. ಎರಡನೆಯ ಅವಧಿಯ ಆರಂಭದಲ್ಲಿ ಡಿಫೆಂಡರ್ ವಿಲ್ಲೆ ಪೊಕ್ಕಾ ಸಮ ಮಾಡಿದರು. ಮೂರನೆಯ ಅವಧಿ ಶುರುವಾಗಿ 31 ಸೆಕೆಂಡಿಗೆ ಆಂಟಿಲಾ ಹೊಡೆದ ಪಕ್ಕನ್ನು ಹಾನ್ನೆಸ್ ಬ್ಯೋರ್ನಿನೆನ್ ದಾರಿಯಲ್ಲೇ ತಿರುಗಿಸಿ ಗೋಲಿಗೆ ಹಾಕಿದರು. 2–1. ಉಳಿದದ್ದು ಹತ್ತೊಂಬತ್ತು ನಿಮಿಷ ಚಿಲ್ಲರೆ.

ಆ ಹತ್ತೊಂಬತ್ತು ನಿಮಿಷ ನೋಡಿದವರಿಗೆ ಯಾಲೋನೆನ್ ಅವರ ಮೂವತ್ತು ವರ್ಷದ ದುಡಿಮೆಯ ಅರ್ಥ ತಿಳಿಯುತ್ತದೆ. ಹಿಂದಿದ್ದ ತಂಡ ಮುಗಿಬೀಳಬೇಕಿತ್ತು. ಬೀಳಲು ಜಾಗವೇ ಸಿಗಲಿಲ್ಲ. ರಷ್ಯನ್ನರು ನಡು ಅಂಗಳಕ್ಕೆ ಬಂದಾಗಲೆಲ್ಲ ಎದುರಿಗೆ ಐದು ಜನರ ಗೋಡೆ, ಬಲವಂತವಾಗಿ ಮುಂದಕ್ಕೆ ಎಸೆದರೆ ಪಕ್ಕು ಫಿನ್ನರ ಕೋಲಿಗೆ. ಇಡೀ ಪಂದ್ಯದಲ್ಲಿ ಅವರು ಗೋಲ್‌ಕೀಪರ್ ಹ್ಯಾರಿ ಸ್ಯಾತೆರಿಯತ್ತ ಗುರಿಯಿಟ್ಟ ಹೊಡೆತಗಳು 17. ಒಲಿಂಪಿಕ್ ಫೈನಲ್‌ಗೆ ಅದು ತೀರ ಕಡಿಮೆ. ಗೆಲುವಿನ ಗೋಲು ಹೊಡೆದ ಬ್ಯೋರ್ನಿನೆನ್ ಮೊದಲ ಸಾಲಿನ ಗೋಲುಗಾರರಲ್ಲ. ಎದುರಾಳಿಯನ್ನು ತಡೆಯುವ ಕೆಲಸಕ್ಕೆ ಇಟ್ಟುಕೊಂಡ ಆಟಗಾರ. ಅವರ ಗೋಲಿನಿಂದ ಫಿನ್ಲೆಂಡ್ ಮೊದಲ ಬಾರಿಗೆ ಒಲಿಂಪಿಕ್ ಚಾಂಪಿಯನ್ ಆಯಿತು, ಕೂಟದಲ್ಲಿ ಒಂದು ಪಂದ್ಯವನ್ನೂ ಸೋಲದೆ.

ನಾಲ್ಕು ದಿನದ ಮೇಲೆ ರಷ್ಯಾ ಉಕ್ರೇನ್ ಮೇಲೆ ದಂಡೆತ್ತಿ ಹೋಯಿತು. ಯೋಕೆರಿತ್ ಕ್ಲಬ್ಬು ತಕ್ಷಣವೇ ಕೆಎಚ್‌ಎಲ್ ಬಿಟ್ಟು ಹೊರಬಂತು. ಮೇ ತಿಂಗಳ ವಿಶ್ವ ಚಾಂಪಿಯನ್‌ಷಿಪ್‌ನಿಂದ ರಷ್ಯಾವನ್ನು ಹೊರಗಿಟ್ಟರು. ಆ ಕೂಟ ನಡೆದದ್ದು ಫಿನ್ಲೆಂಡಿನಲ್ಲೇ, ಫೈನಲ್ ಟಾಂಪೆರೆಯ ಹೊಸ ಅಂಗಳದಲ್ಲಿ.

ಸ್ವಂತ ನೆಲದಲ್ಲಿ ಫಿನ್ಲೆಂಡ್ ಅದುವರೆಗೆ ವಿಶ್ವ ಚಾಂಪಿಯನ್ ಆಗಿರಲಿಲ್ಲ. ಮೇ 29ರ ಫೈನಲ್‌ನಲ್ಲಿ ಕೆನಡಾ ವಿರುದ್ಧ ಗ್ರಾನ್‌ಲುಂಡ್ ಎರಡು, ಯೋಯೆಲ್ ಆರ್ಮಿಯಾ ಒಂದು ಗೋಲು ಹೊಡೆದು 3–1ರ ಮುನ್ನಡೆ ತಂದರು. ಕೊನೆಯ ಎರಡು ನಿಮಿಷ ಚಿಲ್ಲರೆಯಲ್ಲಿ ಕೆನಡಾ ಎರಡು ಗೋಲು ಹೊಡೆದು ಸಮ ಮಾಡಿತು. 2003ನ್ನು ಕಂಡವರಿಗೆಲ್ಲ ಎದೆ ಒಡೆದಿರಬೇಕು. ಆದರೆ ಹೆಚ್ಚುವರಿ ಅವಧಿಯಲ್ಲಿ ಕೆನಡಾದ ಆಟಗಾರರೊಬ್ಬರು ದಂಡನೆಗೆ ಸಿಕ್ಕಿ ಎರಡು ನಿಮಿಷ ಹೊರಗೆ ಕೂರಬೇಕಾಯಿತು. ಒಬ್ಬ ಹೆಚ್ಚಿದ್ದ ಆ ಹೊತ್ತಿನಲ್ಲಿ ಮಾನ್ನಿನೆನ್ ಗೋಲು ಹೊಡೆದರು. ಗೋಲ್‌ಕೀಪರ್ ಯುಸ್ಸಿ ಒಲ್ಕಿನುವೊರಾ ಕೂಟದ ಅತ್ಯುತ್ತಮ ಆಟಗಾರ. ನಾಯಕ ವಾಲ್ಟೆರಿ ಫಿಲ್ಪುಲಾ ಅವರಿಗೆ ಎನ್‌ಎಚ್‌ಎಲ್‌ನ ಸ್ಟ್ಯಾನ್ಲಿ ಕಪ್, ಒಲಿಂಪಿಕ್ ಚಿನ್ನ, ವಿಶ್ವ ಚಾಂಪಿಯನ್‌ಷಿಪ್ ಚಿನ್ನ ಮೂರೂ ದಕ್ಕಿದವು. ಮೂರನ್ನೂ ಗೆದ್ದ ಮೊದಲ ಫಿನ್ ಅವರು.

ಯಾಲೋನೆನ್ ಗೆದ್ದದ್ದೆಲ್ಲ ಎನ್‌ಎಚ್‌ಎಲ್ ತಾರೆಗಳು ಪೂರ್ತಿ ಬಾರದ ಕೂಟಗಳಲ್ಲಿ ಎಂಬ ಆಕ್ಷೇಪವಿದೆ. ಅದರಲ್ಲಿ ನಿಜವಿದೆ. ಎಲ್ಲರೂ ಬಂದಾಗ ಅವರಿಗೆ ಸಿಕ್ಕಿದ್ದು ವ್ಯಾಂಕೂವರ್‌ನ ಕಂಚು ಮಾತ್ರ. ಆದರೆ ತಾರೆಗಳು ಬಾರದಿದ್ದದ್ದು ಫಿನ್ಲೆಂಡಿಗೂ ಅನ್ವಯವಾಗುತ್ತಿತ್ತು. ಕೆನಡಾದ ಮೊದಲ ನೂರು ಜನ ಬಾರದಿದ್ದರೆ ಎರಡನೆಯ ನೂರು ಸಿದ್ಧವಿರುತ್ತದೆ. 55 ಲಕ್ಷದ ದೇಶಕ್ಕೆ ಆ ಅನುಕೂಲವಿಲ್ಲ. ಎರಡನೆಯ ನೂರಿನಿಂದ ತಂಡ ಕಟ್ಟಿ ಕೆನಡಾದ ಎರಡನೆಯ ನೂರನ್ನು ಮೀರಿಸುವುದು ಕೋಚ್ ಕೆಲಸವಲ್ಲದೆ ಬೇರೇನು?

ಅಲ್ಲಿಂದಾಚೆ ಇಳಿಜಾರು. 2023ರ ಕ್ವಾರ್ಟರ್ ಫೈನಲ್‌ನಲ್ಲಿ ಕೆನಡಾಕ್ಕೆ 1–4ರಿಂದ ಸೋತರು. 2024ರ ಕ್ವಾರ್ಟರ್ ಫೈನಲ್‌ನಲ್ಲಿ ಸ್ವೀಡನ್‌ಗೆ ಹೆಚ್ಚುವರಿ ಅವಧಿಯಲ್ಲಿ 1–2ರಿಂದ. ಐವರ ಗೋಡೆ ಹೇಗಿರುತ್ತದೆ ಎಂದು ಉಳಿದ ದೇಶಗಳು ಕಲಿತಿದ್ದವು, ಫಿನ್ನರಿಗೆ ಗೋಲು ಹೊಡೆಯುವುದೂ ಕಷ್ಟವಾಗಿತ್ತು. ಅದರೊಂದಿಗೆ ಯಾಲೋನೆನ್ ರಾಷ್ಟ್ರೀಯ ತಂಡವನ್ನು ಬಿಟ್ಟರು.

ಅವರ ಜಾಗಕ್ಕೆ ಬಂದವರು ಆಂಟ್ಟಿ ಪೆನ್ನಾನೆನ್. ಹ್ಯಾಮೆನ್‌ಲಿನ್ನಾದ ಎಚ್‌ಪಿಕೆ 2006ರ ನಂತರ ಮತ್ತೊಮ್ಮೆ ಫಿನ್ಲೆಂಡ್ ಚಾಂಪಿಯನ್ ಆದದ್ದು 2019ರಲ್ಲಿ, ಯಾಲೋನೆನ್ ಬ್ರಾಟಿಸ್ಲಾವಾದಲ್ಲಿ ಚಿನ್ನ ಗೆದ್ದ ಅದೇ ವಸಂತದಲ್ಲಿ. ಆಗ ಆ ಚಿಕ್ಕ ಕ್ಲಬ್ಬಿನ ಕೋಚ್ ಆಗಿದ್ದವರು ಪೆನ್ನಾನೆನ್.